ಪೂವಮ್ಮ ಸ್ನಾನ ಮಾಡಿಸದ ಹದಿನೇಳು ದಿನ

ನಮ್ಮ ಸಂಪಾಜೆ ಕಡೆಯ ಜನ ಮಹಾ ಮರ್ಯಾದಸ್ಥರು. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಆಳು ಕಳಿಸಿ ಪೂವಮ್ಮನನ್ನು ಕರೆಸುತ್ತಿದ್ದರು. ಮುದುಕಿಯ ಹೇಲುಚ್ಚೆ ಬಾಚುವುದಕ್ಕೆ, ಮುದುಕನ ಜೊಲ್ಲು ಒರೆಸುವುದಕ್ಕೆ ಅವಳೇ ಬೇಕು. ಮುಂದಿನ ವರ್ಷ ಅದೇ ಮನೆಯಲ್ಲಿ ಮದುವೆಯಾದರೆ ಅವಳಿಗೆ ಹೇಳಿಕೆ ಇಲ್ಲ. "ಪೂವಮ್ಮ ಗದ್ದೆ ದಾಟಿ ಬಂದಳೆಂದರೆ ಚಟ್ಟಕ್ಕೆ ಬಿದಿರು ಕಡಿಯಬಹುದು" ಎಂದು ನನ್ನ ಹೋಟೆಲಿನ ಬೆಂಚಿನ ಮೇಲೆ ಕೂತು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಸುಳ್ಳೇಕೆ ಹೇಳಲಿ, ಆ ಮಾತನ್ನು ಮೊದಲು ಆಡಿದವನು ನಾನೇ ಇರಬೇಕು.

ನಾನು ಪದ್ಮಯ್ಯ. ಮಡಿಕೇರಿಯಿಂದ ಮಂಗಳೂರಿಗೆ ಇಳಿಯುವ ರಸ್ತೆಯಲ್ಲಿ ಬಸ್ಸು ನಿಲ್ಲುವ ಕಡೆ ನನ್ನದೊಂದು ಹೋಟೆಲು. ಕಾಫಿ, ಕಡುಬು, ಜೊತೆಗೆ ಊರವರ ಅರ್ಜಿ ಬರೆದುಕೊಡುವುದು. ಎಂಟನೆಯ ಕ್ಲಾಸು ಓದಿದ ಸೊಕ್ಕು ನನಗೆ. ಕೊಡಗು ಮೈಸೂರಿಗೆ ಸೇರಿದ ಮೇಲೆ ಒಂದು ಕಾಗದ ಇದ್ದ ಕಡೆ ನಾಲ್ಕು ಕಾಗದ ಬೇಕಾಯಿತು. ನನ್ನ ಬೆಂಚು ತುಂಬಿತು.

ಪೂವಮ್ಮನಿಗೆ ಇಪ್ಪತ್ತೆರಡಕ್ಕೆ ಗಂಡ ಸತ್ತ. ಮಕ್ಕಳಿಲ್ಲ. ಪಾರ್ಶ್ವವಾಯು ಹೊಡೆದ ಅತ್ತೆಯನ್ನು ಏಳು ವರ್ಷ ನೋಡಿಕೊಂಡಳು. ಅತ್ತೆ ತೀರಿಕೊಂಡು ತಿಥಿಯ ಊಟ ಮುಗಿದ ಮಾರನೆಯ ಬೆಳಿಗ್ಗೆಯೇ ಮೈದುನಂದಿರು "ಇನ್ನು ನಿಂಗೆ ಇಲ್ಲಿ ಎಂಥ ಕೆಲ್ಸ ಉಟ್ಟು?" ಎಂದು ಅವಳ ಗಂಟು ಹೊರಗಿಟ್ಟರು. ಆದರೆ ಅತ್ತೆಯ ಹೆಣ ಮೀಯಿಸಿದ ಹೆಂಗಸರು ಬೆನ್ನು ನೋಡಿದ್ದರು. ಏಳು ವರ್ಷ ಮಲಗಿದ ಮೈಯಲ್ಲಿ ಒಂದು ಹುಣ್ಣಿರಲಿಲ್ಲ. ಆ ಸುದ್ದಿ ಹಬ್ಬಿ ಮನೆಮನೆಗೆ ಅವಳನ್ನು ಕರೆಯತೊಡಗಿದರು. ಕೂಲಿ ಎಂದರೆ ಅಕ್ಕಿ, ವರ್ಷಕ್ಕೆರಡು ಸೀರೆ, ಅಡಿಗೆಮನೆಯ ಮೂಲೆಯಲ್ಲಿ ಒಂದು ಚಾಪೆ. ಅತ್ತೆಯ ಏಳು ವರ್ಷವೂ ಸೇರಿ ಹಾಗೇ ಮೂವತ್ತು ವರ್ಷ ಕಳೆಯಿತು.

ಅವಳ ಕೆಲಸದ ಕ್ರಮ ನಾನು ಕಣ್ಣಾರೆ ಕಂಡದ್ದು. ದಿನ ಬಿಟ್ಟು ದಿನ ಲಕ್ಕಿ ಸೊಪ್ಪು ಹಾಕಿ ಕಾಯಿಸಿದ ನೀರಿನ ಸ್ನಾನ. ಹಾಸಿಗೆಯ ಬೈಹುಲ್ಲು ವಾರಕ್ಕೊಮ್ಮೆ ಬದಲು. ಬೇಸಿಗೆಯಲ್ಲಿ ಬೆನ್ನಿನ ಕೆಳಗೆ ಎಳೆ ಬಾಳೆಲೆ. ಮಲಗಿದವರು ಬೈದರೂ, ಉಗಿದರೂ ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಲೇಬೇಕು. ಇನ್ನೊಂದು, ನಮ್ಮ ಕಡೆ ನೆಂಟರ ಕಣ್ಣಿಗೆ ಕಾಯಿಲೆ ಕಾಣಬಾರದು. ನೋಡಲು ಯಾರಾದರೂ ಬರುತ್ತಾರೆಂದರೆ ಮಲಗಿದವರನ್ನು ಮೀಯಿಸಿ, ತಲೆ ಬಾಚಿ, ಮಡಿ ಬಟ್ಟೆ ಉಡಿಸಿ, ಗೋಡೆಗೆ ಒರಗಿಸಿ ಕೂರಿಸಬೇಕು. ಸಾಯುವವನಾದರೂ ಸರಿ, ಬಾಯಲ್ಲಿ ವೀಳ್ಯ ಇರಬೇಕು. ಇಲ್ಲದಿದ್ದರೆ ಮನೆಯ ಮಾನ ಹೋಯಿತು. ಪೂವಮ್ಮ ಈ ವಿದ್ಯೆಯಲ್ಲಿ ಎತ್ತಿದ ಕೈ.

ಕೂಸಪ್ಪನ ಮನೆಗೆ ಅವಳು ಬಂದದ್ದು ಅವನ ಹೆಂಡತಿ ಗಂಗಮ್ಮನ ಕೊನೆಗಾಲಕ್ಕೆ. ಗಂಗಮ್ಮ ಹೋದಳು. ಪೂವಮ್ಮ ಗಂಟು ಕಟ್ಟುವ ಹೊತ್ತಿಗೆ ಕೂಸಪ್ಪ ಒಳ್ಳೆಮೆಣಸು ಕೊಯ್ಯಲು ಹತ್ತಿ ಬಿದಿರೇಣಿಯಿಂದ ಬಿದ್ದ. ಸೊಂಟ ಮುರಿಯಿತು, ಮತ್ತೆ ಏಳಲಿಲ್ಲ. ಮಕ್ಕಳಿಲ್ಲ. ದಾಯಾದಿಗಳು ಮನೆಯ ಮಾಡಿಗೆ ಎಷ್ಟು ಹೆಂಚಿದೆ ಎಂದು ನೋಡಿ ಹೋದರು, ಮನುಷ್ಯನನ್ನು ನೋಡಲಿಲ್ಲ. ಪೂವಮ್ಮ ಗಂಟು ಬಿಚ್ಚಿದಳು. ನೆಂಟಸ್ತಿಕೆ ಏನೂ ಇಲ್ಲ. "ಮಾವ" ಎನ್ನುತ್ತಿದ್ದಳು, ಅವನು "ಪೂವಿ" ಎನ್ನುತ್ತಿದ್ದ. ಊರ ಬಾಯಿ ಸುಮ್ಮನಿದ್ದೀತೇ? ಎಪ್ಪತ್ತೈದರ ಮುರಿದ ಸೊಂಟದ ಮುದುಕನಿಗೂ ಅವಳಿಗೂ ಸಂಬಂಧ ಕಟ್ಟಿ ಮಾತಾಡಿದ ಪುಣ್ಯಾತ್ಮರು ನಮ್ಮವರು.

ಆರು ವರ್ಷ ಹೇಗೋ ಸಾಗಿತು. ಅವನನ್ನು ಬಿಟ್ಟು ಬೇರೆ ಮನೆಗೆ ಹೋಗುವಂತಿಲ್ಲ, ಹೋಗದಿದ್ದರೆ ಅಕ್ಕಿಯಿಲ್ಲ. ಕೊನೆಗೆ ಗಂಜಿಯ ನೀರು ಅವಳಿಗೆ, ಅಗುಳು ಅವನಿಗೆ ಎಂಬಲ್ಲಿಗೆ ಬಂತು. ಆ ಹೊತ್ತಿಗೇ, ದಿಕ್ಕಿಲ್ಲದ ಮುದುಕರು ಮನೆಯಲ್ಲೇ ಬದುಕಲೆಂದು ಸರ್ಕಾರ ತಿಂಗಳು ತಿಂಗಳು ದುಡ್ಡು ಕೊಡುತ್ತದೆಂಬ ಸುದ್ದಿ ಬಂತು. ಮನೆಯಲ್ಲಿ ಇರಲಾಗದವರಿಗೆ ಘಟ್ಟದ ಆಚೆ, ಬಯಲುಸೀಮೆಯ ಪೇಟೆಯೊಂದರಲ್ಲಿ ನಿರ್ಗತಿಕರ ಪರಿಹಾರ ಕೇಂದ್ರ. ನಾನು ಎರಡರ ನಿಯಮವನ್ನೂ ಓದಿಕೊಂಡು ಕೂಸಪ್ಪನ ಮನೆಗೆ ಓಡಿದೆ.

"ಪೂವಕ್ಕ, ಸರ್ಕಾರದವು ಕೂಸಪ್ಪಜ್ಜಂಗೆ ದುಡ್ಡು ಕೊಟ್ಟವೆ ಗಡ. ಅರ್ಜಿ ನಾ ಬರೆದು ಕೊಟ್ಟನೆ."

ಒಳಗಿನಿಂದ ಕೂಸಪ್ಪ ಕೂಗಿದ: "ಬರೆ ಮಾರಾಯ! ಆ ಕೇಂದ್ರ ಗೀಂದ್ರ ಮಾತ್ರ ಬೊಡ. ಈ ಮನೆಂದ ನನ್ನ ಎತ್ತೊಕಾದ್ರೆ ಹೆಣವಾಗೇ ಎತ್ತೊಕು."

ತನಿಖೆಗೆ ಬಂದವರು ರೆವಿನ್ಯೂ ಇನ್ಸ್‌ಪೆಕ್ಟರ್ ಕಲ್ಲೇಶಪ್ಪ. ಶನಿವಾರಸಂತೆ ಕಡೆಯ ಲಿಂಗಾಯತರು, ವಿಭೂತಿ ಇಲ್ಲದೆ ಹೊರಗೆ ಬಾರದ ಮನುಷ್ಯ, ಒಬ್ಬರಿಂದ ಒಂದು ಬಾಳೆಹಣ್ಣು ಮುಟ್ಟಿದವರಲ್ಲ. ಲಂಚ ತಿನ್ನುವವನಾದರೂ ಆಗಿದ್ದರೆ ಎಂದು ಆಮೇಲೆ ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಅವರು ಬರುವ ದಿನ ಪೂವಮ್ಮ ಬೆಳಗಿನ ಜಾವವೇ ಎದ್ದು ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಖರ್ಚು ಮಾಡಿದಳು. ಸರ್ಕಾರದವರು ಎಂದರೆ ನೆಂಟರಿಗಿಂತ ಹೆಚ್ಚಲ್ಲವೇ! ಕೂಸಪ್ಪನಿಗೆ ಎಣ್ಣೆಸ್ನಾನ, ಬಿಳಿ ಪಂಚೆ, ಹೆಗಲಿಗೆ ಮಡಿ ವಸ್ತ್ರ, ಮೀಸೆಗೆ ಕೊಬ್ಬರಿ ಎಣ್ಣೆ. ಕೋಣೆಯಲ್ಲಿ ಲಕ್ಕಿ ಸೊಪ್ಪಿನ ಪರಿಮಳ. ನಾನೂ ಅಲ್ಲೇ ಇದ್ದೆ. ಎಂಟನೆಯ ಕ್ಲಾಸು ಓದಿದ ನನ್ನ ತಲೆಗೂ ಹೊಳೆಯಲಿಲ್ಲ. ಮುದುಕ ಎಷ್ಟು ಚಂದ ಕಾಣುತ್ತಾನೆ ಎಂದು ಖುಷಿಪಟ್ಟೆ.

"ಯಜಮಾನ್ರೇ, ಊಟ ಉಪಚಾರ ಎಲ್ಲ ಹೆಂಗ್ ನಡೀತದೆ?" ಎಂದು ಕಲ್ಲೇಶಪ್ಪ ಕೇಳಿದರು.

ಕೂಸಪ್ಪ ಮೀಸೆ ತಿರುವಿದ. "ನಂಗೆ ಎಂಥ ಕಮ್ಮಿ ಉಟ್ಟು ಸ್ವಾಮಿ? ಪೂವಿ ಇರುವಾಗ ನಾ ರಾಜ."

ಕಲ್ಲೇಶಪ್ಪ ನಕ್ಕರು, ಬರೆದುಕೊಂಡರು, ಪೂವಮ್ಮನಿಗೆ ಕೈಮುಗಿದು "ನಮ್ಮ ತಾಯಿಗೂ ನಿಮ್ಮಂಥೋರು ಸಿಗ್ಬೇಕಿತ್ತಮ್ಮ" ಎಂದು ಹೇಳಿ ಹೋದರು. ತಿಂಗಳ ಮೇಲೆ ಕಾಗದ ಬಂತು. ಅರ್ಜಿದಾರರು ಶುಚಿಯಾಗಿ, ಆರೋಗ್ಯವಾಗಿ ಇದ್ದಾರೆ, ಆರೈಕೆಗೆ ಜನ ಇದ್ದಾರೆ, ಆದಕಾರಣ ನಿರ್ಗತಿಕರಲ್ಲ, ಅರ್ಜಿ ವಜಾ. ಬೇಕಾದರೆ ಮರುತನಿಖೆಗೆ ಕೇಳಬಹುದು.

ನಾನು ಓದಿ ಹೇಳಿದೆ. ಪೂವಮ್ಮ ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದಳು. "ಮೀಯ್ಸಿದ್ದ್ ತಪ್ಪಾತ್‌ನಾ?" ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟಿನಲ್ಲಿ ಬುದ್ಧಿವಂತನಾದೆ, ಅದೇ ಹಾಳಾಯಿತು. ಮರುತನಿಖೆಗೆ ಬರೆದೆ. ಸೋಮವಾರ ಬರುತ್ತೇನೆಂದು ಕಲ್ಲೇಶಪ್ಪ ಹೇಳಿಕಳಿಸಿದಾಗ ಪೂವಮ್ಮನನ್ನು ಹಿತ್ತಿಲಿಗೆ ಕರೆದೆ. "ಇನ್ನ್ ಐದ್ ದಿನ ಅಜ್ಜಂಗೆ ನೀರ್ ಮುಟ್ಸ್‌ಬೊಡ. ಬಟ್ಟೆ ಬದ್ಲ್ಸ್‌ಬೊಡ. ಹುಲ್ಲು ಹಂಗೇ ಇರ್ಲಿ. ಅವು ಬಂದ್ ನೋಡಿ ಮೂಗು ಮುಚ್ಚೊಕು. ಆಗ ಬರ್ದವೆ."

"ಮೂವತ್ತು ವರ್ಷಲಿ ಒಬ್ಬಂಗೂ ಹಂಗೆ ಮಾಡ್ದೋಳಲ್ಲ ನಾ, ಪದ್ಮಯ್ಯ."

"ಮಾಡದ್ದ್‌ಕೇ ಈ ಗತಿ. ಅಜ್ಜ ಇಲ್ಲಿ ಇರೊಕಾ, ಬಯಲುಸೀಮೆಲಿ ಸಾಯೊಕಾ? ಐದೇ ದಿನ ಅಕ್ಕ. ಅಜ್ಜಂಗೆ ಹೇಳ್‌ಬೊಡ ಮತ್ತೆ. ಹೇಳಿರೆ ಅವು ಬಂದಾಗ ಮೀಸೆ ತಿರುವಿ ನಾನು ರಾಜ ಅಂತ ಕೂತ್ಕಂಡವೆ."

ಅವಳು ಒಪ್ಪಿದಳು. ಮುದುಕ ಮನೆಯಲ್ಲಿ ಉಳಿಯುತ್ತಾನೆ ಎಂಬ ಒಂದೇ ಮಾತಿಗೆ ಒಪ್ಪಿದಳು.

ಸೋಮವಾರ ಕಲ್ಲೇಶಪ್ಪ ಬರಲಿಲ್ಲ. ಆ ವರ್ಷ ಚುನಾವಣೆ. ಕಚೇರಿಯವರನ್ನೆಲ್ಲ ಮತಪೆಟ್ಟಿಗೆ ಹೊರಲು ಎಳೆದುಕೊಂಡು ಹೋಗಿದ್ದರು. ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎನ್ನುತ್ತಲೇ ವಾರ ಕಳೆಯಿತು. ಶಿವರಾತ್ರಿಯ ಮುಂಚಿನ ಬಿಸಿಲು, ಹೆಂಚಿನಡಿಯ ಕೋಣೆ, ನೊಣ. ನಾನು ದಿನಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದೆ. ನೋಡಲು ಅಂದರೆ ಕಾವಲಿಗೆ. ಒಂದು ಬೆಳಿಗ್ಗೆ ಅವಳು ಒದ್ದೆ ಬಟ್ಟೆಯಲ್ಲಿ ಅವನ ಬೆನ್ನು ಒರೆಸುತ್ತಿದ್ದದ್ದು ಕಂಡು ಗದರಿಬಿಟ್ಟೆ. ಹೊರಗೆ ಕರೆದು, "ಇಷ್ಟ್ ದಿನ ತಡ್ಕಂಡ್ ಈಗ ತೊಳ್ದ್‌ರೆ ಹೊಳೇಲಿ ಹುಣ್ಸೆಹಣ್ಣು ಕಿವುಚ್ದಂಗೆ ಆದೆ ನೋಡ್" ಎಂದೆ. ಅವಳು ಬಟ್ಟೆಯನ್ನು ಬಕೀಟಿಗೆ ಹಾಕಿದಳು.

ಕೂಸಪ್ಪ ಮೊದಮೊದಲು ಕೇಳುತ್ತಿದ್ದ: "ಪೂವೀ, ನೀರ್ ಕಾಸಿತ್ಲೆನಾ?"

"ಸೌದೆ ಹಸಿ ಉಟ್ಟು ಮಾವ. ನಾಳೆ."

ಆಮೇಲೆ ಬೇಡತೊಡಗಿದ. "ಬೆನ್ನು ಉರಿದೆ ಪೂವಿ. ಒಂದ್ ಚೊಂಬಾದ್ರೂ ಹೊಯ್ಯ್." ಆ ಮನುಷ್ಯ ಸೊಂಟ ಮುರಿದ ದಿನವೂ ಯಾರನ್ನೂ ಬೇಡಿದವನಲ್ಲ. ಅವಳು ಒಲೆಯ ಮುಂದೆ ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದಳು. ಹತ್ತನೆಯ ದಿನ ಅವನು ಬೈದ. ಹಾದರಗಿತ್ತಿ ಎಂದ, ನನ್ನ ಮನೆ ತಿನ್ನಲು ಬಂದವಳು ಎಂದ, ಊರವರು ಆಡಿದ್ದನ್ನೆಲ್ಲ ಆಡಿದ. ಹನ್ನೊಂದನೆಯ ದಿನ ಗೋಡೆಯ ಕಡೆ ಮುಖ ಮಾಡಿದ. ಆಮೇಲೆ ಅವಳೊಡನೆ ಮಾತಿಲ್ಲ.

ಹದಿಮೂರನೆಯ ದಿನ ಅವಳು ಹೋಟೆಲಿಗೆ ಓಡಿ ಬಂದಳು. "ಬೆನ್ನಲಿ ಹುಣ್ಣಾಗ್ಯುಟ್ಟು ಪದ್ಮಯ್ಯ. ಸಾಕ್. ನಂಗೆ ಸರ್ಕಾರವೂ ಬೊಡ, ದುಡ್ಡೂ ಬೊಡ." ಉಪವಾಸ ಸಾಯುತ್ತೀರಾ ಎಂದು ಕೇಳಿದೆ. ಹುಣ್ಣಾದದ್ದು ಒಳ್ಳೆಯದೇ ಆಯಿತು, ಅದನ್ನು ಕಂಡ ಮೇಲೆ ಅವರು ಇಲ್ಲ ಎನ್ನಲಾರರು ಎಂದೆ. ಹೌದು, ಈ ಬಾಯಲ್ಲೇ ಹಾಗೆಂದೆ. ಅವಳು ತಿರುಗಿ ಹೋದಳು.

ಹದಿನೇಳನೆಯ ದಿನ ಮಧ್ಯಾಹ್ನ ಕಲ್ಲೇಶಪ್ಪ ಬಂದರು, ಚುನಾವಣೆಯ ಜೀಪಿನಲ್ಲಿ. ನಾನೂ ಹಿಂದೆಯೇ ಹೋದೆ. ಕೋಣೆಯ ಬಾಗಿಲಲ್ಲೇ ಅವರು ಕರ್ಚೀಫು ತೆಗೆದರು. "ಅಯ್ಯೋ ಶಿವನೇ!" ಎಂದು ಒಳಗೆ ಹೋದರು. ಅವನನ್ನು ತಾವೇ ಮಗ್ಗುಲಿಗೆ ತಿರುಗಿಸಿ ಬೆನ್ನು ನೋಡಿದರು. ಒಳ್ಳೆಯ ಮನುಷ್ಯ, ಅವರ ಕಣ್ಣಲ್ಲಿ ನೀರು ಬಂತು. ಆ ನೀರು ಹಾಗೇ ಬೆಂಕಿಯಾಯಿತು.

"ಹೋದ್ ಸಲ ಹೂವಿನಂಗಿದ್ರಲ್ಲಮ್ಮ ಈ ಯಜಮಾನ್ರು! ದುಡ್ಡು ಬರೋಕಿಲ್ಲ ಅಂತ ಗೊತ್ತಾಯ್ತು, ಕೈ ಬಿಟ್ಟೆ. ಅಷ್ಟೇ ತಾನೆ? ಅವತ್ತು ನಿಂಗೆ ಕೈಮುಗಿದೆನಲ್ಲ ನಾನು!"

ನೋಡಿ ನನ್ನ ಬುದ್ಧಿವಂತಿಕೆ. ಚೊಕ್ಕಟವಾಗಿದ್ದವನು ಎರಡೇ ತಿಂಗಳಲ್ಲಿ ಕೊಳೆತಿದ್ದರೆ ಕಂಡವರು ಏನು ತಿಳಿಯುತ್ತಾರೆ ಎಂದು ನಾನು ಯೋಚಿಸಿರಲೇ ಇಲ್ಲ. ಪೂವಮ್ಮ ಬಾಯಿ ತೆರೆದಳು. "ನೀ ಸುಮ್ನಿರಮ್ಮ" ಎಂದು ಕಲ್ಲೇಶಪ್ಪ ಅವಳನ್ನು ತಡೆದು ಕೂಸಪ್ಪನ ಕಡೆ ಬಾಗಿದರು.

"ಯಜಮಾನ್ರೇ, ನಿಜ ಹೇಳಿ. ಈಕೆ ನಿಮ್ಮನ್ನ ನೋಡ್ಕೊಂತಾಳಾ?"

ಕೂಸಪ್ಪ ಗೋಡೆಯಿಂದ ಮುಖ ತಿರುಗಿಸಿದ. "ಇಲ್ಲೆ. ಹದಿನೇಳು ದಿನ ಆತ್. ನಾ ಎಣ್ಸ್‌ತಾ ಇದ್ದೆ. ನಾಯಿಗಾದ್ರೂ ಒಂದ್ ಚೊಂಬು ನೀರ್ ಹೊಯ್ದವೆ. ನನ್ನ ಕರ್ಕಂಡ್ ಹೋಗಿ ಸ್ವಾಮಿ. ಎಲ್ಲಿಗಾದ್ರೂ ಆಕು."

ಕಲ್ಲೇಶಪ್ಪ ಅಲ್ಲೇ ಕೂತು ಬರೆದರು. ಮನೆಯಲ್ಲಿ ಆರೈಕೆ ಇಲ್ಲ, ಇಲ್ಲಿ ಬಿಟ್ಟರೆ ಜೀವಕ್ಕೆ ಅಪಾಯ, ಪರಿಹಾರ ಕೇಂದ್ರಕ್ಕೆ ಸಾಗಿಸತಕ್ಕದ್ದು. ಮುದುಕನ ಹೆಬ್ಬೆಟ್ಟು ಒತ್ತಿಸಿದರು. ಜೀಪು ಹೇಗೂ ಕೈಯಲ್ಲಿದೆ, ಮೊದಲು ಮಡಿಕೇರಿಯ ಆಸ್ಪತ್ರೆಗೆ ತೋರಿಸಿ ಅಲ್ಲಿಂದ ಕಳಿಸುತ್ತೇನೆ ಎಂದರು.

"ಮೀಯ್ಸಿ ಕೊಟ್ಟನೆ ಸ್ವಾಮಿ. ಹಿಂಗೆ ಕಳ್ಸಿಕೆ ಆಲೆ ನಂಗೆ" ಎಂದು ಪೂವಮ್ಮ ಅವರ ಕಾಲು ಹಿಡಿದಳು. ಅರ್ಧ ಗಂಟೆ ಕೊಟ್ಟರು.

ಅವಳು ಮುದುಕನನ್ನು ತಾನೇ ತೋಳಲ್ಲಿ ಎತ್ತಿಕೊಂಡು ಹಿತ್ತಿಲ ಬಚ್ಚಲಿಗೆ ಒಯ್ದಳು. ನೀರು ಬೀಳುವ ಸದ್ದು ಕೇಳಿಸಿತು. ಜೊತೆಗೆ ಅವಳ ಪಿಸುಮಾತು. ಹದಿನೇಳು ದಿನ ಕಟ್ಟಿಟ್ಟದ್ದನ್ನು ಹೇಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಕೂಸಪ್ಪನ ಕೂಗು ಮನೆ ನಡುಗಿಸಿತು.

"ಸ್ವಾಮಿ! ನಾ ಹೇಳಿದ್ದ್ ಸುಳ್ಳು! ಪೂವಿದ್ ತಪ್ಪಿಲ್ಲೆ, ನನ್ನ ಇಲ್ಲಿ ಉಳ್ಸಿಕೇ ಹಂಗೆ ಮಾಡಿದ್ದ್! ನಾ ಎಲ್ಲಿಗೂ ಬಾಲೆ, ಇಲ್ಲೇ ಇದ್ದನೆ!"

ಕಲ್ಲೇಶಪ್ಪ ಹಿತ್ತಿಲಿಗೆ ಹೋದರು. ಒದ್ದೆ ಮೈಯ ಮುದುಕ ಅವಳ ತೋಳಿಗೆ ಎರಡೂ ಕೈಯಿಂದ ಜೋತುಬಿದ್ದಿದ್ದ. "ಒಬ್ಬನ್ನೇ ಇಲ್ಲಿಗೆ ತಂದು ಏನಮ್ಮ ಹೆದರ್ಸ್‌ದೆ?" ಎಂದು ಕಲ್ಲೇಶಪ್ಪ ಕೇಳಿದರು.

ಪೂವಮ್ಮ ನನ್ನ ಕಡೆ ನೋಡಿದಳು. "ಪದ್ಮಯ್ಯ, ನೀ ಹೇಳ್."

ಕಲ್ಲೇಶಪ್ಪ ನನ್ನ ಕಡೆ ತಿರುಗಿದರು. "ಏನ್ರೀ ಪದ್ಮಯ್ಯ? ಬೇಕಂತಲೇ ಮಾಡಿದ್ದಾದ್ರೆ ಅದು ಸರ್ಕಾರಕ್ಕೆ ಮೋಸ. ಹೇಳ್ಕೊಟ್ಟೋನ ಮೇಲೂ ಕೇಸಾಯ್ತದೆ. ನಿಮಗೇನಾದ್ರೂ ಗೊತ್ತಾ?"

ಹೋಟೆಲು ಕಣ್ಣ ಮುಂದೆ ಬಂತು, ಮಗಳಿಗೆ ಕೂಡಿಬಂದ ಸಂಬಂಧ ಕಣ್ಣ ಮುಂದೆ ಬಂತು. ಎರಡು ಮಾರು ದೂರದಲ್ಲಿ ಮುದುಕ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದ.

"ನಂಗೆ ಗೊತ್ತಿಲ್ಲ ಸಾರ್" ಎಂದೆ. "ನಾನು ಅರ್ಜಿ ಬರೆದವ, ಅಷ್ಟೇ."

ಅವನನ್ನು ಅವಳ ತೋಳಿಂದ ಬಿಡಿಸಲು ಡ್ರೈವರೂ ಬೇಕಾದ. ಜೀಪು ತಿರುವು ದಾಟುವವರೆಗೂ "ಪೂವೀ" ಎಂದು ಕೂಗುತ್ತಲೇ ಇದ್ದ. ಬೆಂಚಿನ ಗಿರಾಕಿಗಳೆಲ್ಲ ರಸ್ತೆಗೆ ಬಂದು ನೋಡಿದರು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು, ಪೂವಮ್ಮ ಮುದುಕನನ್ನು ಕೊಳೆಯಲು ಬಿಟ್ಟಿದ್ದಳು, ಸರ್ಕಾರ ಬಂದು ಬಿಡಿಸಿತು ಎಂದು. ನಾನು ಕಾಫಿ ಸೋಸುತ್ತಾ ಇದ್ದೆ. ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ.

ವಾರದೊಳಗೆ ದಾಯಾದಿಗಳು ಮನೆಗೆ ಬೀಗ ಹಾಕಿದರು. ಪೂವಮ್ಮ ಹೊಳೆಬದಿಯ ಒಂದು ಕೊಟ್ಟಿಗೆ ಸೇರಿ ರಸ್ತೆ ಕೆಲಸಕ್ಕೆ ಜಲ್ಲಿ ಹೊರತೊಡಗಿದಳು. ಐವತ್ತೆರಡು ವರ್ಷ ಅವಳಿಗೆ. ಆಮೇಲೆ ಹಾಸಿಗೆ ಹಿಡಿದವರ ಮನೆಗಳಿಂದ ಒಂದೇ ಒಂದು ಕರೆ ಬರಲಿಲ್ಲ. ಯಮುನ ಅಂತ ಒಬ್ಬಳು, ತನ್ನ ತಾಯಿಯನ್ನು ಪೂವಮ್ಮನ ಕೈಯಲ್ಲೇ ಐದು ವರ್ಷ ನೋಡಿಸಿಕೊಂಡವಳು, ದಾರಿಯಲ್ಲಿ ಅವಳನ್ನು ಕಂಡು ಉಗಿದಳಂತೆ.

ಹದಿನೈದು ದಿನವಾದ ಮೇಲೆ ಪೂವಮ್ಮ ಹೋಟೆಲಿಗೆ ಬಂದಳು. ನಾನು ಒಲೆಯ ಕಡೆ ಸರಿದೆ. ಅವಳು ಜಗಳಕ್ಕೆ ಬಂದಿರಲಿಲ್ಲ. "ಒಂದ್ ಕಾಗ್ದ ಬರೆಯೊಕು, ಆ ಕೇಂದ್ರಕ್ಕೆ" ಎಂದಳು. ನಿಂತೇ ಹೇಳಿದಳು, ನಾನು ಬರೆದೆ. ಎಡಗಡೆ ಹೆಚ್ಚು ಹೊತ್ತು ಮಲಗಿಸಬಾರದು, ಸೊಂಟ ಆ ಬದಿ ಮುರಿದಿದೆ. ಹುಣ್ಣಿಗೆ ಬಾಳೆಲೆ ಹಾಸಬೇಕು. ಗಂಜಿಗೆ ಉಪ್ಪು ಜಾಸ್ತಿ ಬೇಕು ಅವರಿಗೆ, ಕೇಳುವುದಿಲ್ಲ, ನಾಚಿಕೆ. ಮೀಸೆ ಬೋಳಿಸಬೇಡಿ.

"ಅಡಿಲಿ ನಿನ್ನ ಹೆಸ್ರು ಬರೆಯೊಕಾ?" ಎಂದು ಕೇಳಿದೆ.

"ನನ್ನ ಹೆಸ್ರು ಕಂಡರೆ ಓದಿಕೂ ಇಲ್ಲೆ ಅವು. ನಿಂದೇ ಹಾಕ್. ಅವ್ಕೆ ನೀ ಒಳ್ಳೆವ ಅಲ್ದಾ?"

ನನ್ನ ಹೆಸರೇ ಹಾಕಿದೆ. ಇಪ್ಪತ್ತು ದಿನಕ್ಕೆ ಉತ್ತರ ಬಂತು, ಶ್ರೀ ಪದ್ಮಯ್ಯನವರಿಗೆ ಎಂದು. ಕೂಸಪ್ಪನವರು ಇಂಥ ತಾರೀಕು ಬೆನ್ನಿನ ವ್ರಣ ನಂಜಾಗಿ ಮೃತರಾದರು. ಮೃತರ ಬಗ್ಗೆ ತಾವು ತೋರಿದ ಕಾಳಜಿಗೆ ವಂದನೆಗಳು. ಮೃತರು ಕೊನೆಯವರೆಗೂ ಸ್ನಾನ ಮಾಡಿಸಲು ಯಾರಿಗೂ ಬಿಡಲಿಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ.

ಪೂವಮ್ಮ ರಸ್ತೆ ಬದಿಯಲ್ಲಿ ಜಲ್ಲಿ ಬುಟ್ಟಿ ಇಳಿಸುತ್ತಿದ್ದಳು. ಹೋಗಿ ಹೇಳಿದೆ. ಸತ್ತ ಸುದ್ದಿಯೊಂದನ್ನೇ ಹೇಳಿದೆ. ಅವಳು ತಲೆಯ ಸಿಂಬಿ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

"ಹುಣ್ಣು ವಾಸಿ ಆಗಿತ್ತ್‌ನಾ?"

"ಪೂರಾ ವಾಸಿಯಾಗಿತ್ತ್ ಗಡ ಅಕ್ಕ. ನಿದ್ದೇಲೇ ಹೋದವು ಗಡ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಅಂದ್ ನಿಜ ಹೇಳಿಕೆ ಬಾಯಿ ಇತ್ಲೆ ನಿಂಗೆ. ಇಂದ್ ಸುಳ್ಳಿಗೆ ಹೆಂಗೆ ಬಾತ್?" ಎಂದು ಕೇಳಿ, ಸಿಂಬಿಯನ್ನು ತಲೆಗಿಟ್ಟು, ಬುಟ್ಟಿ ಎತ್ತಿಕೊಂಡು ಹೋದಳು.